ನೋಯದ ಗಂಟು

(ಸಂಘದ ಆಶ್ರಯದಲ್ಲಿ ಮಾಡಿದ ಭಾಷಣ)



ನಾಡಹಬ್ಬದ ದಿನಗಳಲ್ಲಿ ರೋಗದ ಮಾತನ್ನೆತ್ತುವುದು ಅಷ್ಟು ಶೋಭಿಸುವ ಕೆಲಸವಲ್ಲ. ನವೆಂಬರ್ ತಿಂಗಳು ಬಂದಿತೆಂದರೆ ಮುಂಬಯಿಯ ಕನ್ನಡಿಗರಿಗೆ ನಾಡಿನ ನೆನಪು, ಹಾಡು, ನಾಟಕ, ಯಕ್ಷಗಾನ, ಮಕ್ಕಳ ಕುಣಿತ ಇವೇ ಸಹಜ. ಇವುಗಳ ನಡುವೆ ನಾವು ಔಷಧದ ಬಾಟಲಿ ಹಿಡಿದುಕೊಂಡು ಬಂದು ನಿಂತಿದ್ದೇವೆ. ಆದರೆ ನಮ್ಮ ಕಾರ್ಯದರ್ಶಿಗಳು ನಮ್ಮನ್ನು ಕರೆಯುವಾಗ, "ನೀವಿಬ್ಬರೂ ಮೂವತ್ತು ವರ್ಷಗಳಿಗೂ ಮಿಕ್ಕಿ ನಮ್ಮವರ ನಾಡಿ ನೋಡುತ್ತ ಬಂದವರು. ತಿಳಿಯದೆ ಹೋದುದರಿಂದಲೇ ನಮ್ಮವರಿಗೆ ಕೇಡಾದ ಯಾವುದಾದರೊಂದು ಸಂಗತಿಯನ್ನು ಹೇಳಿ" ಎಂದು ಕೇಳಿಕೊಂಡರು. ಆ ಮಾತು ಕಿವಿಗೆ ಬಿದ್ದೊಡನೆ ನಮ್ಮಿಬ್ಬರಿಗೂ ಒಂದೇ ಮುಖ ನೆನಪಿಗೆ ಬಂದಿತು. ಆದುದರಿಂದ ಈ ವಿಷಯವನ್ನೇ ಆರಿಸಿಕೊಂಡೆವು.

ನಾವು ದಂಪತಿಗಳಿಬ್ಬರೂ ವೈದ್ಯರು. ಒಬ್ಬರು ಶಸ್ತ್ರಚಿಕಿತ್ಸೆ ಕಲಿತವರು, ಇನ್ನೊಬ್ಬರು ಸಾಮಾನ್ಯ ಚಿಕಿತ್ಸೆಯವರು. ಉಪನಗರದಲ್ಲಿ ನಮ್ಮದೊಂದು ಸಣ್ಣ ದವಾಖಾನೆ, ಅದಕ್ಕೆ ಅಂಟಿಕೊಂಡು ಸಣ್ಣದೊಂದು ಶಸ್ತ್ರಕ್ರಿಯೆಯ ಕೋಣೆ. ನಾವು ಕ್ಯಾನ್ಸರಿನ ತಜ್ಞರಲ್ಲ ಎಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ. ಆದರೆ ತಜ್ಞರ ಬಾಗಿಲಿಗೆ ಹೋಗುವ ಮೊದಲು ರೋಗಿಯು ಹತ್ತುವ ಮೆಟ್ಟಿಲು ನಮ್ಮಂಥವರದು. ಮೈಮೇಲೆ ಗಂಟೊಂದು ಕಾಣಿಸಿಕೊಂಡರೆ ಅದನ್ನು ಮೊದಲು ನೋಡುವವರು ನೀವು, ಎರಡನೆಯದಾಗಿ ನೋಡುವವರು ನಾವು. ಈ ಇಬ್ಬರೂ ಮಾಡುವ ತಪ್ಪಿನ ಬಗೆಗೇ ಇಂದಿನ ಮಾತು.

೧೯೯೪ರ ಮಳೆಗಾಲ. ಈ ಊರಿಗೆ ಆಗಿನ್ನೂ ಬೊಂಬಾಯಿ ಎಂದೇ ಹೆಸರು. ಕರಾವಳಿಯ ಕಡೆಯಿಂದ ಬಂದು ಹೋಟೇಲಿನಲ್ಲಿ ಕೆಲಸಕ್ಕಿದ್ದ ತರುಣನೊಬ್ಬ ನಮ್ಮಲ್ಲಿಗೆ ಬಂದ. ವಯಸ್ಸು ಇಪ್ಪತ್ತಾರು. ಎಡ ತೊಡೆಯ ಹಿಂಭಾಗದಲ್ಲಿ ಒಂದು ಗಂಟು. "ನೋವೇನೂ ಇಲ್ಲ ಡಾಕ್ಟ್ರೆ. ರೈಲಿನಲ್ಲಿ ಕೂತರೆ ಒತ್ತುತ್ತದೆ, ಅಷ್ಟೇ. ಎಂಟು ತಿಂಗಳಾಯಿತು. ಮೊದಲು ನೆಲ್ಲಿಕಾಯಿಯಷ್ಟಿತ್ತು" ಎಂದ. ನಾವು ನೋಡುವ ಹೊತ್ತಿಗೆ ಅದು ಮೋಸಂಬಿಯಷ್ಟಾಗಿತ್ತು.

ನಾವು ಕೈಯಿಂದ ಮುಟ್ಟಿ ನೋಡಿದೆವು, ಕೊಬ್ಬಿನ ಗಂಟೆಂದು ತೀರ್ಮಾನಿಸಿದೆವು. ಅಂಥ ಗಂಟುಗಳನ್ನು ನಾವು ಅದುವರೆಗೆ ಎಷ್ಟೋ ತೆಗೆದಿದ್ದೆವು. ಚಿತ್ರ ತೆಗೆಸಲಿಲ್ಲ, ಸೂಜಿ ಹಾಕಿ ಪರೀಕ್ಷಿಸಲಿಲ್ಲ. ಕಲೆ ಎದ್ದು ಕಾಣದಿರಲೆಂದು ತೊಡೆಗೆ ಅಡ್ಡವಾಗಿ ಕೊಯ್ದು, ಬೆರಳಿನಿಂದಲೇ ಬಿಡಿಸಿ ಗಂಟನ್ನು ಹೊರತೆಗೆದೆವು. ಹುಣಸೆಹಣ್ಣಿನಿಂದ ಬೀಜ ಜಾರಿ ಬರುವಂತೆ ಅದು ಸಲೀಸಾಗಿ ಬಂದಿತು. ಆ ಸಲೀಸೇ ಮೋಸವೆಂಬುದು ಆಗ ನಮಗೆ ಹೊಳೆಯಲಿಲ್ಲ. ತೆಗೆದುದನ್ನು ಪ್ರಯೋಗಶಾಲೆಗೆ ಕಳುಹಿಸಿದರೆ ಅವನಿಗೆ ಇನ್ನಷ್ಟು ಖರ್ಚು. ತಿಂಗಳು ತಿಂಗಳೂ ಊರಿಗೆ ಮನಿ ಆರ್ಡರ್ ಕಳುಹಿಸುವ ಹುಡುಗ. ಅವನ ಹಣ ಉಳಿಸಿದೆವೆಂದು ಸಂತೋಷಪಟ್ಟು ಗಂಟನ್ನು ಬಿಸಾಡಿದೆವು. ಅವನೂ ಸಂತೋಷದಿಂದ ಕೈಮುಗಿದು ಹೋದ.

ಏಳು ತಿಂಗಳ ಮೇಲೆ ಅವನು ಮರಳಿ ಬಂದ. ನಾವು ಕೊಯ್ದ ಕಲೆಯ ಕೆಳಗೆ ಒಂದಲ್ಲ, ಎರಡು ಗಂಟುಗಳಿದ್ದವು. ಆಗ ನಮ್ಮ ಎದೆ ಧಸಕ್ಕೆಂದಿತು. ದೊಡ್ಡ ಆಸ್ಪತ್ರೆಗೆ ನಾವೇ ಕರೆದುಕೊಂಡು ಹೋದೆವು. ಅಲ್ಲಿ ಪರೀಕ್ಷೆಯಾಗಿ ರೋಗದ ಹೆಸರು ತಿಳಿಯಿತು: ಸೈನೋವಿಯಲ್ ಸಾರ್ಕೋಮಾ. ಎಳೆಯ ವಯಸ್ಸಿನವರ ಕೈಕಾಲುಗಳಲ್ಲಿ, ಹೆಚ್ಚಾಗಿ ಕೀಲುಗಳ ಸಮೀಪದಲ್ಲಿ ಹುಟ್ಟುವ ಒಂದು ಜಾತಿಯ ಕ್ಯಾನ್ಸರ್. ನಮ್ಮ ಬೆರಳು ಎಲ್ಲೆಲ್ಲಿ ಸುಳಿದಿತ್ತೋ ಅಲ್ಲೆಲ್ಲ ರೋಗದ ಕಣಗಳು ಚೆಲ್ಲಿರಬಹುದಾದುದರಿಂದ, ಆ ವೈದ್ಯರು ಅಡ್ಡ ಕಲೆಯನ್ನೂ ಅದರ ಸುತ್ತಲಿನ ಮಾಂಸವನ್ನೂ ವಿಶಾಲವಾಗಿ ತೆಗೆದು, ಇನ್ನೊಂದು ತೊಡೆಯ ಚರ್ಮವನ್ನು ತಂದು ಅಲ್ಲಿ ಹೊದಿಸಬೇಕಾಯಿತು. ಅನಂತರ ಆರು ವಾರ ಕಿರಣ ಚಿಕಿತ್ಸೆ. ಕಾಲು ಉಳಿಯಿತು. ಕೋಲೂರಿಕೊಂಡು ಬಂದು ನಮ್ಮನ್ನು ನೋಡಿ ಹೋಗುತ್ತಿದ್ದ. ಮೂರನೆಯ ವರ್ಷ ಶ್ವಾಸಕೋಶದಲ್ಲಿ ನೆರಳು ಕಂಡಿತು. ನಾಲ್ಕನೆಯ ವರ್ಷ ಊರಿನಿಂದ ಅವನ ಅಣ್ಣನ ಕಾಗದ ಬಂದಿತು.

ನಮ್ಮ ಕೈಯಿಂದಲೇ ಅವನು ಹೋದನೆಂದು ಹೇಳಲು ಶಾಸ್ತ್ರವು ಒಪ್ಪುವುದಿಲ್ಲ. ಶ್ವಾಸಕೋಶಕ್ಕೆ ಹರಡುವುದು ಆ ರೋಗದ ಸ್ವಭಾವ. ಎಲ್ಲವನ್ನೂ ಸರಿಯಾಗಿ ಮಾಡಿದ್ದರೂ ಹರಡುತ್ತಿತ್ತೋ ಏನೋ. ಆದರೆ ನಮ್ಮ ತಪ್ಪೇನೂ ಇಲ್ಲವೆಂದು ಹೇಳಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಆ ಏಳು ತಿಂಗಳು ಅವನ ಸೊತ್ತು, ಅದನ್ನು ನಾವು ಖರ್ಚು ಮಾಡಿದೆವು. ಅಂದಿನಿಂದ ನಮ್ಮ ಕೋಣೆಯಲ್ಲಿ ಕೊಯ್ದು ತೆಗೆದ ಯಾವ ಗಂಟೂ ಪರೀಕ್ಷೆಗೆ ಹೋಗದೆ ಉಳಿದಿಲ್ಲ. ದೊಡ್ಡ ಗಂಟಿಗೆ ಚಿತ್ರ ತೆಗೆಸದೆ ನಾವು ಕತ್ತಿ ಮುಟ್ಟಿಸಿಲ್ಲ.

ಈಗ ಈ ರೋಗವೆಂದರೇನು ಎಂಬುದನ್ನು ಸ್ವಲ್ಪ ನೋಡೋಣ. ನಾವು ದಿನನಿತ್ಯ ಕೇಳುವ ಬಾಯಿ, ಹೊಟ್ಟೆ, ಸ್ತನ, ಗರ್ಭಕೊರಳಿನ ಕ್ಯಾನ್ಸರುಗಳು ಸಾಮಾನ್ಯವಾಗಿ ಆಯಾ ಅಂಗದ ಒಳಪದರದಲ್ಲಿಯೋ ಗ್ರಂಥಿಗಳಲ್ಲಿಯೋ ಹುಟ್ಟುವಂಥವು. ಸಾರ್ಕೋಮಾ ಹಾಗಲ್ಲ. ಅಂಗಗಳನ್ನು ಹಿಡಿದಿಡುವ ಮೃದು ಅಂಗಾಂಶಗಳಲ್ಲಿ, ಎಂದರೆ ಕೊಬ್ಬು, ಸ್ನಾಯು, ನಾರು, ನರಗಳ ಹೊದಿಕೆ, ರಕ್ತನಾಳಗಳ ಗೋಡೆ ಇವುಗಳಲ್ಲಿ ಅದು ಹುಟ್ಟುತ್ತದೆ. ಗ್ರೀಕ್ ಭಾಷೆಯಲ್ಲಿ ಸಾರ್ಕ್ಸ್ ಎಂದರೆ ಮಾಂಸ. ಅದರಿಂದಲೇ ಈ ಹೆಸರು. ನಮ್ಮ ಸುಶ್ರುತ ಸಂಹಿತೆಯೂ ಅರ್ಬುದಗಳ ಸಾಲಿನಲ್ಲಿ ಮಾಂಸಾರ್ಬುದ, ಮೇದೋರ್ಬುದ ಎಂಬ ಹೆಸರುಗಳನ್ನು ಹೇಳುತ್ತದೆ. ಅಂದಿನ ಹೆಸರೂ ಇಂದಿನ ರೋಗವೂ ಒಂದೇ ಎಂದು ಹಟ ಹಿಡಿಯುವುದು ಸರಿಯಲ್ಲ. ಆದರೂ ಅಲ್ಲಿಯ ಒಂದು ಎಚ್ಚರಿಕೆ ಗಮನಿಸತಕ್ಕದ್ದು. ಅರ್ಬುದವನ್ನು ತೆಗೆಯುವವನು ಶೇಷವುಳಿಯದಂತೆ ತೆಗೆಯಬೇಕು, ಉಳಿದ ಶೇಷವು ಆರದ ಬೆಂಕಿಯಂತೆ ಮತ್ತೆ ಬೆಳೆದು ಕೊಲ್ಲುತ್ತದೆ ಎಂಬುದು ಅದರ ಅಭಿಪ್ರಾಯ. ಇಂದಿನ ಶಸ್ತ್ರವೈದ್ಯರೂ ಇದಕ್ಕಿಂತ ಬೇರೆಯಾಗಿ ಹೇಳಲಾರರು.

ಇದು ಅಪರೂಪದ ರೋಗ. ದೊಡ್ಡವರಿಗೆ ಬರುವ ಕ್ಯಾನ್ಸರುಗಳಲ್ಲಿ ಸುಮಾರು ನೂರರಲ್ಲಿ ಒಂದು. ಅಪರೂಪವಾದರೂ ಅದರೊಳಗೆ ಐವತ್ತಕ್ಕೂ ಮಿಕ್ಕಿ ಜಾತಿಗಳಿವೆ. ಕೊಬ್ಬಿನ ಜಾತಿಯದು ಲೈಪೋಸಾರ್ಕೋಮಾ, ನಯವಾದ ಸ್ನಾಯುವಿನದು ಲಿಯೋಮಯೋಸಾರ್ಕೋಮಾ, ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ರ್‍ಯಾಬ್ಡೋಮಯೋಸಾರ್ಕೋಮಾ, ಹೀಗೆ. ಕೈಕಾಲುಗಳಲ್ಲಿ ಇವು ಹೆಚ್ಚು, ಅದರಲ್ಲಿಯೂ ತೊಡೆಯಲ್ಲಿ. ಹೊಟ್ಟೆಯ ಹಿಂಭಾಗದ ಅವಕಾಶದಲ್ಲಿಯೂ ಬೆಳೆಯುವುದುಂಟು. ಅಲ್ಲಿ ಎಡೆ ಬಹಳವಿರುವುದರಿಂದ ಎಷ್ಟೋ ದೊಡ್ಡದಾಗುವವರೆಗೆ ಗೊತ್ತೇ ಆಗುವುದಿಲ್ಲ.

ಇದಕ್ಕೆ ಕಾರಣವೇನೆಂದು ಕೇಳುತ್ತೀರಿ. ಬಹುಮಂದಿಯಲ್ಲಿ ಇಂಥದೇ ಎಂದು ತೋರಿಸಬಲ್ಲ ಕಾರಣವಿಲ್ಲ. ಹಿಂದೆ ಬೇರೊಂದು ರೋಗಕ್ಕೆ ಕಿರಣ ಚಿಕಿತ್ಸೆಯಾದ ಜಾಗದಲ್ಲಿ ಹಲವು ವರ್ಷಗಳ ಮೇಲೆ ಬರಬಹುದು. ನ್ಯೂರೋಫೈಬ್ರೊಮಟೋಸಿಸ್ ಎಂಬ, ವಂಶದಲ್ಲಿ ಇಳಿದು ಬರಬಹುದಾದ ನರಗಂಟುಗಳ ರೋಗವುಳ್ಳವರಲ್ಲಿ ಬರಬಹುದು. ಅಂಥ ಮನೆತನದವರು ಯಾವುದಾದರೂ ಹಳೆಯ ಗಂಟು ಇದ್ದಕ್ಕಿದ್ದಂತೆ ಬೆಳೆಯತೊಡಗಿದರೆ ಅಥವಾ ನೋಯತೊಡಗಿದರೆ ಕೂಡಲೇ ತೋರಿಸಬೇಕು. ಆದರೆ ಬಿದ್ದದ್ದರಿಂದ, ಪೆಟ್ಟು ತಗುಲಿದ್ದರಿಂದ ಇದು ಹುಟ್ಟುತ್ತದೆಂಬುದಕ್ಕೆ ಆಧಾರವಿಲ್ಲ. ಬಿದ್ದಾಗ ಆ ಜಾಗಕ್ಕೆ ಕೈ ಹೋಗುತ್ತದೆ, ಮೊದಲೇ ಇದ್ದ ಗಂಟು ಆಗ ತಿಳಿಯುತ್ತದೆ. "ಮೆಟ್ಟಿಲಲ್ಲಿ ಜಾರಿದೆ, ಅದರ ಬಾವು" ಎಂದು ಎಣ್ಣೆ ತಿಕ್ಕಿಸಿಕೊಂಡು, ಶಾಖ ಕೊಟ್ಟುಕೊಂಡು ತಿಂಗಳುಗಟ್ಟಲೆ ಕಳೆದವರನ್ನು ನಾವು ನೋಡಿದ್ದೇವೆ. ಪೆಟ್ಟಿನ ಬಾವು ವಾರ ವಾರಕ್ಕೆ ಇಳಿಯಬೇಕು. ಇಳಿಯದೆ ಏರುತ್ತಿದ್ದರೆ ಅದು ಪೆಟ್ಟಿನದಲ್ಲವೆಂದೇ ಎಣಿಸಿ ತೋರಿಸಬೇಕು.

ಇದನ್ನೆಲ್ಲ ಕೇಳಿ ಮನೆಗೆ ಹೋಗಿ ಮೈಯೆಲ್ಲ ತಡವಿಕೊಂಡು ನಿದ್ದೆ ಕೆಡಿಸಿಕೊಳ್ಳಬೇಡಿ. ಮೈಮೇಲಿನ ಗಂಟುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ನಿರುಪದ್ರವಿಗಳು. ಆ ಉಳಿದ ಒಂದನ್ನು ಗುರುತಿಸಲು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮೊದಲನೆಯದು, ಗಂಟು ೫ ಸೆಂಟಿಮೀಟರಿಗಿಂತ, ಎಂದರೆ ಒಂದು ದೊಡ್ಡ ನಿಂಬೆಹಣ್ಣಿಗಿಂತ ದೊಡ್ಡದೋ? ಎರಡನೆಯದು, ಅದು ಬೆಳೆಯುತ್ತಿದೆಯೋ? ಮೂರನೆಯದು, ಅದು ಚರ್ಮದ ಕೆಳಗೇ ಜಾರಾಡುತ್ತದೆಯೋ ಅಥವಾ ಆಳದಲ್ಲಿ, ಸ್ನಾಯುವಿನೊಳಗೆ ಕುಳಿತಿದೆಯೋ? ನಾಲ್ಕನೆಯದು, ಹಿಂದೊಮ್ಮೆ ತೆಗೆಸಿದ ಗಂಟು ಅದೇ ಜಾಗದಲ್ಲಿ ಮತ್ತೆ ಬಂದಿದೆಯೋ? ಇವುಗಳಲ್ಲಿ ಒಂದಕ್ಕೆ ಹೌದೆಂಬ ಉತ್ತರ ಬಂದರೂ, ಆಳದ್ದೆಂದು ತೋರಿದರೂ, ಪರೀಕ್ಷೆಯಾಗದೆ ಬಿಡಬಾರದು. ನೋವಿದ್ದರಂತೂ ಸರಿಯೇ. ಆದರೆ ನೋವಿಲ್ಲವೆಂಬುದು ಸಮಾಧಾನದ ಮಾತಲ್ಲ. ಈ ಗಂಟು ಬಹುಕಾಲ ನೋಯುವುದೇ ಇಲ್ಲ. ನಮ್ಮ ಜನರು ನೋವಿಗೆ ಹೆದರುತ್ತಾರೆ, ನೋಯದಿದ್ದುದನ್ನು ಮರೆಯುತ್ತಾರೆ. ರಜೆ ಸಿಗದ ಕೆಲಸ, ಎರಡು ಗಂಟೆಯ ರೈಲು ಪ್ರಯಾಣ, ಊರಿಗೆ ಕಳುಹಿಸಬೇಕಾದ ಹಣ, ಇವುಗಳ ನಡುವೆ ನೋಯದ ಗಂಟಿಗೆ ಪಾಳಿ ಬರುವುದು ಯಾವಾಗ? ಊರಿಗೆ ಹೋದಾಗ ತೋರಿಸೋಣ, ಮಕ್ಕಳ ಪರೀಕ್ಷೆ ಮುಗಿಯಲಿ, ಹೀಗೆ ಅದು ಮುಂದೆ ಮುಂದೆ ಹೋಗುತ್ತದೆ.

ತೋರಿಸಿದ ಮೇಲೆ ನಡೆಯತಕ್ಕ ಕ್ರಮವೊಂದಿದೆ. ಇಂದಿನ ನಮ್ಮ ಮಾತಿನ ತಿರುಳು ಇದೇ: ಮೊದಲು ಚಿತ್ರ, ಅನಂತರ ಸೂಜಿ, ಕೊನೆಗೆ ಕತ್ತಿ. ಈ ಕ್ರಮ ತಪ್ಪಬಾರದು.

ಮೊದಲಿನ ಚಿತ್ರ ಸೋನೋಗ್ರಫಿ. ಅದು ಅಗ್ಗ, ಸುಲಭ. ಗಂಟು ನೀರು ತುಂಬಿದ್ದೋ ಗಟ್ಟಿಯೋ, ಮೇಲಿನದೋ ಆಳದ್ದೋ ಎಂಬುದು ಅದರಲ್ಲಿ ತಿಳಿಯುತ್ತದೆ. ಸಂಶಯವುಳಿದರೆ ಎಂ. ಆರ್. ಐ. ಗಂಟು ಯಾವ ಸ್ನಾಯುವಿನಲ್ಲಿದೆ, ದೊಡ್ಡ ನರಕ್ಕೂ ರಕ್ತನಾಳಕ್ಕೂ ಎಷ್ಟು ಹತ್ತಿರ ಎಂಬ ನಕ್ಷೆ ಅದರಲ್ಲಿ ದೊರೆಯುತ್ತದೆ. ಈ ಚಿತ್ರವನ್ನು ಸೂಜಿ ಹಾಕುವುದಕ್ಕಿಂತ ಮೊದಲೇ ತೆಗೆಯುವುದು ಮೇಲು. ಸೂಜಿಯಿಂದ ರಕ್ತ ಒಸರಿದರೆ ಚಿತ್ರ ಕದಡುತ್ತದೆ. ಎರಡನೆಯದಾಗಿ ಬಯಾಪ್ಸಿ. ಸಪೂರ ಸೂಜಿಯಿಂದ ಕೆಲವು ಕಣಗಳನ್ನು ಹೀರಿ ನೋಡುವ ಪರೀಕ್ಷೆ ಈ ರೋಗಕ್ಕೆ ಅನೇಕ ವೇಳೆ ಸಾಲದು. ತುಸು ದಪ್ಪವಾದ ಸೂಜಿಯಿಂದ ಕಡ್ಡಿಯಂಥ ಕೆಲವು ತುಣುಕುಗಳನ್ನು ತೆಗೆಯಬೇಕು. ಅದನ್ನು ಜಾಗಕ್ಕೆ ಮಾತ್ರ ಮರಗಟ್ಟಿಸಿ ಮಾಡುತ್ತಾರೆ. ಸೂಜಿ ಹೋಗುವ ದಾರಿಯನ್ನು ಮುಂದೆ ಶಸ್ತ್ರಕ್ರಿಯೆ ಮಾಡುವವರೇ ಗೊತ್ತುಪಡಿಸಬೇಕು. ಏಕೆಂದರೆ ಗಂಟನ್ನು ತೆಗೆಯುವಾಗ ಆ ದಾರಿಯನ್ನೂ ಕೂಡಿಸಿ ತೆಗೆಯಬೇಕಾಗಬಹುದು. ಕೊಯ್ದೇ ತುಣುಕು ತೆಗೆಯಬೇಕಾಗಿ ಬಂದರೂ ಕೈಕಾಲಿನ ಉದ್ದಕ್ಕೆ ಕೊಯ್ಯಬೇಕು, ನಮ್ಮಂತೆ ಅಡ್ಡಕ್ಕಲ್ಲ.

ತುಣುಕು ಪ್ರಯೋಗಶಾಲೆಗೆ ಹೋದ ಮೇಲೆ ಅಲ್ಲಿಯ ಕೆಲಸವೂ ಸುಲಭದ್ದಲ್ಲ. ಸೂಕ್ಷ್ಮದರ್ಶಕದಲ್ಲಿ ಕಣಗಳ ಆಕಾರವನ್ನು ನೋಡಿ, ವಿಶೇಷ ಬಣ್ಣಗಳನ್ನು ಹಾಕಿ, ಕೆಲವು ವೇಳೆ ವಂಶವಾಹಿಗಳನ್ನೂ ಪರೀಕ್ಷಿಸಿ ಜಾತಿಯನ್ನು ನಿರ್ಣಯಿಸುತ್ತಾರೆ. ಜತೆಗೆ ರೋಗದ ಉಗ್ರತೆಗೆ ಒಂದರಿಂದ ಮೂರರವರೆಗೆ ದರ್ಜೆ ಕೊಡುತ್ತಾರೆ. ಮುಂದಿನ ಚಿಕಿತ್ಸೆ ಬಹುಮಟ್ಟಿಗೆ ಈ ದರ್ಜೆಯನ್ನೇ ಅವಲಂಬಿಸಿರುತ್ತದೆ. ಸಾರ್ಕೋಮಾ ಹರಡಿದರೆ ಹೆಚ್ಚಾಗಿ ಮೊದಲು ಶ್ವಾಸಕೋಶಕ್ಕೆ ಹೋಗುವುದರಿಂದ ಎದೆಯ ಸಿ. ಟಿ. ಚಿತ್ರವನ್ನೂ ತೆಗೆಸುತ್ತಾರೆ. ಇಷ್ಟಾಗಲು ಎರಡು ಮೂರು ವಾರ ಹಿಡಿಯಬಹುದು. "ಇಷ್ಟು ದಿನ ಪರೀಕ್ಷೆಯಲ್ಲೇ ಹೋಯಿತಲ್ಲ" ಎಂದು ಮನೆಯವರು ಚಡಪಡಿಸುತ್ತಾರೆ. ಈ ವಾರಗಳು ವ್ಯರ್ಥವಲ್ಲ. ಅವಸರದಲ್ಲಿ ಮಾಡಿದ ಅರ್ಧ ಗಂಟೆಯ ಕೆಲಸಕ್ಕೆ ಎಷ್ಟು ಬೆಲೆ ತೆರಬೇಕಾಯಿತೆಂಬುದನ್ನು ಈಗಾಗಲೇ ಹೇಳಿದ್ದೇವೆ.

ಇನ್ನು ಚಿಕಿತ್ಸೆ. ಗಂಟು ಬೆಳೆಯುತ್ತ ಸುತ್ತಲಿನ ಮಾಂಸವನ್ನು ಒತ್ತಿ ಒಂದು ಸಿಪ್ಪೆಯಂಥ ಹೊದಿಕೆಯನ್ನು ಮಾಡಿಕೊಳ್ಳುತ್ತದೆ. ನೋಡುವ ಕಣ್ಣಿಗೆ ಅದು ಗಂಟಿನ ಗಡಿ. ನಿಜವಾಗಿ ಆ ಸಿಪ್ಪೆಯಲ್ಲಿಯೂ ಅದರಾಚೆಗೂ ರೋಗದ ಕಣಗಳಿರುತ್ತವೆ. ಆದುದರಿಂದಲೇ ಸಿಪ್ಪೆಯೊಳಗಿಂದ ಗಂಟನ್ನು ಜಾರಿಸಿ ತೆಗೆಯುವುದು ತಪ್ಪು. ನಮ್ಮ ಕಡೆ ಅಡಕೆಯ ಸಸಿಯನ್ನು ಕೀಳುವಾಗ ಬೇರು ಕಾಣದಂತೆ ಮಣ್ಣಿನ ಹೆಂಟೆಯ ಸಮೇತ ಎತ್ತುತ್ತಾರಲ್ಲ, ಹಾಗೆ ಗಂಟು ಕಣ್ಣಿಗೆ ಕಾಣದಂತೆ, ಸುತ್ತಲೂ ಆರೋಗ್ಯವಾದ ಮಾಂಸದ ಹೊದಿಕೆಯೊಡನೆ ಎತ್ತಬೇಕು. ಇದೇ ಈ ಚಿಕಿತ್ಸೆಯ ಆಧಾರಸ್ತಂಭ. ಮೊದಲ ಸಲವೇ ಹೀಗೆ ಮಾಡಿದರೆ ಫಲ ಹೆಚ್ಚು.

ಕಾಲನ್ನೇ ಕತ್ತರಿಸುತ್ತಾರೆಂಬ ಭಯದಿಂದ ಆಸ್ಪತ್ರೆಗೆ ಬರದೆ ಓಡಿಹೋದವರಿದ್ದಾರೆ. ಒಂದು ಕಾಲದಲ್ಲಿ ಈ ಭಯಕ್ಕೆ ಆಧಾರವಿತ್ತು. ಆದರೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಸ್ಟೀವನ್ ರೋಸೆನ್‌ಬರ್ಗ್ ಮತ್ತು ಅವರ ಸಂಗಡಿಗರು ಒಂದು ಪ್ರಯೋಗ ನಡೆಸಿ ೧೯೮೨ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ೪೩ ಮಂದಿ ರೋಗಿಗಳಲ್ಲಿ ೧೬ ಮಂದಿಗೆ ಕೈಯನ್ನೋ ಕಾಲನ್ನೋ ತೆಗೆದರು. ೨೭ ಮಂದಿಗೆ ಗಂಟನ್ನು ಮಾತ್ರ ತೆಗೆದು ಕಿರಣ ಚಿಕಿತ್ಸೆ ಕೊಟ್ಟರು. ಬದುಕಿ ಉಳಿಯುವುದರಲ್ಲಿ ಈ ಎರಡು ಗುಂಪುಗಳ ನಡುವೆ ಗಣನೀಯವಾದ ಅಂತರ ಕಾಣಲಿಲ್ಲ. ಅಂಗವನ್ನು ಉಳಿಸಿಯೂ ಜೀವವನ್ನು ಉಳಿಸಬಹುದೆಂಬ ನಂಬಿಕೆಗೆ ಅದು ಬುನಾದಿಯಾಯಿತು. ಇಂದು ಬಹುಪಾಲು ರೋಗಿಗಳ ಅಂಗ ಉಳಿಯುತ್ತದೆ. ದೊಡ್ಡ ನರ, ರಕ್ತನಾಳ, ಎಲುಬುಗಳೆಲ್ಲ ಒಟ್ಟಿಗೆ ಸಿಕ್ಕಿಕೊಂಡಿರುವ ಕೆಲವರಿಗೆ ಮಾತ್ರ ಕತ್ತರಿಸಬೇಕಾಗುತ್ತದೆ.

ಕಿರಣ ಚಿಕಿತ್ಸೆಯನ್ನು ಶಸ್ತ್ರಕ್ರಿಯೆಗೆ ಮೊದಲು ಕೊಡಬೇಕೋ ಅನಂತರವೋ ಎಂಬ ಪ್ರಶ್ನೆಯನ್ನು ಕೆನಡಾ ದೇಶದ ವೈದ್ಯರು ೧೯೦ ರೋಗಿಗಳಲ್ಲಿ ಪರೀಕ್ಷಿಸಿ ೨೦೦೨ರಲ್ಲಿ ವರದಿ ಮಾಡಿದರು. ಮೊದಲೇ ಕೊಟ್ಟವರಲ್ಲಿ ನೂರಕ್ಕೆ ೩೫ ಮಂದಿಗೆ ಗಾಯ ಮಾಯುವುದರಲ್ಲಿ ತೊಡಕಾಯಿತು. ಅನಂತರ ಕೊಟ್ಟವರಲ್ಲಿ ೧೭ ಮಂದಿಗೆ. ಆದರೆ ಮೊದಲು ಕೊಟ್ಟರೆ ಕಿರಣದ ಪ್ರಮಾಣ ಕಡಿಮೆ ಸಾಕು, ಮುಂದೆ ಅಂಗ ಬಿಗಿದುಕೊಳ್ಳುವುದೂ ಕಡಿಮೆ. ಹೀಗೆ ಒಂದರಲ್ಲಿ ಒಂದು ಲಾಭ, ಇನ್ನೊಂದರಲ್ಲಿ ಇನ್ನೊಂದು. ಸಣ್ಣದಾಗಿ, ಸೌಮ್ಯ ದರ್ಜೆಯದಾಗಿ, ಪೂರ್ತಿ ಹೊರಬಂದ ಗಂಟಿಗೆ ಕಿರಣವೇ ಬೇಡವಾಗಬಹುದು.

ಔಷಧ ಚಿಕಿತ್ಸೆಯಲ್ಲಿ ಮುಖ್ಯವಾದುದು ಡಾಕ್ಸೋರುಬಿಸಿನ್ ಎಂಬ ಕೆಂಪು ಬಣ್ಣದ ಔಷಧ. ಇಟಲಿಯ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿಯ ಸಂತತಿಯಿಂದ ಪಡೆದದ್ದು. ಆಡ್ರಿಯಾಟಿಕ್ ಸಮುದ್ರದಿಂದ ಆಡ್ರಿಯಾಮೈಸಿನ್ ಎಂಬ ಇನ್ನೊಂದು ಹೆಸರೂ ಅದಕ್ಕಿದೆ. ಕೂದಲು ಉದುರುತ್ತದೆ, ಮತ್ತೆ ಬರುತ್ತದೆ. ಹೃದಯಕ್ಕೆ ಶ್ರಮವಾಗಬಹುದಾದುದರಿಂದ ಎಕೋ ಪರೀಕ್ಷೆ ಮಾಡಿ ಅಳೆದು ಕೊಡುತ್ತಾರೆ. ಮಕ್ಕಳ ರ್‍ಯಾಬ್ಡೋಮಯೋಸಾರ್ಕೋಮಾಕ್ಕೆ ಔಷಧವು ಚಿಕಿತ್ಸೆಯ ಬೆನ್ನೆಲುಬು, ಬಿಡುವಂತಿಲ್ಲ. ದೊಡ್ಡವರಲ್ಲಿ ಜಾತಿ, ದರ್ಜೆ, ಗಾತ್ರಗಳನ್ನು ನೋಡಿ ನಿರ್ಣಯಿಸುತ್ತಾರೆ. ಜಾತಿ ತಿಳಿಯುವುದು ಏಕೆ ಮುಖ್ಯವೆಂಬುದಕ್ಕೆ ಹೊಟ್ಟೆ ಮತ್ತು ಕರುಳಿನ ಗೋಡೆಯಲ್ಲಿ ಬರುವ ಜಿಸ್ಟ್ ಎಂಬ ಗಡ್ಡೆಯೇ ಸಾಕ್ಷಿ. ಹಳೆಯ ಔಷಧಗಳಿಗೆ ಬಗ್ಗದಿದ್ದ ಅದು, ೨೦೦೦ದಲ್ಲಿ ಫಿನ್ಲೆಂಡಿನ ಒಬ್ಬ ರೋಗಿಗೆ ಮೊದಲು ಕೊಟ್ಟ ಇಮಾಟಿನಿಬ್ ಎಂಬ ಗುಳಿಗೆಗೆ ಬಗ್ಗಿತು. ಹೆಸರು ಸರಿಯಾಗಿ ತಿಳಿಯದೆ ಹೋಗಿದ್ದರೆ ಆ ಗುಳಿಗೆ ಯಾರಿಗೆ ಸಲ್ಲಬೇಕೆಂದು ಗೊತ್ತಾಗುತ್ತಿರಲಿಲ್ಲ.

ಇನ್ನೊಬ್ಬರ ಸಂಗತಿಯನ್ನೂ ಹೇಳುತ್ತೇವೆ. ೨೦೧೬ರಲ್ಲಿ ಹುಬ್ಬಳ್ಳಿಯ ಕಡೆಯ ತಾಯಿಯೊಬ್ಬರನ್ನು ಅವರ ಮಗ ನಮ್ಮಲ್ಲಿಗೆ ಕರೆತಂದರು. ಐವತ್ತೆಂಟರ ವಯಸ್ಸು. ತೊಡೆಯ ಒಳಮೈಯಲ್ಲಿ ಬಾವು, ನೋವಿಲ್ಲ. ಮಗನಿಗೆ ಅವಸರ: "ಇಲ್ಲೇ ತೆಗೆದುಬಿಡಿ ಡಾಕ್ಟರೇ, ಸಂಜೆಗೆ ಮನೆಗೆ ಕರೆದುಕೊಂಡು ಹೋಗುತ್ತೇನೆ." ನಾವು ಒಪ್ಪಲಿಲ್ಲ. ಚಿತ್ರ ತೆಗೆಸಿದರೆ ಗಂಟು ೧೧ ಸೆಂಟಿಮೀಟರ್, ಆಳದ ಸ್ನಾಯುವಿನೊಳಗೆ. ಸೂಜಿ ಪರೀಕ್ಷೆಯೆಂದಾಗ ತಾಯಿ ಹಿಂಜರಿದರು. "ಸೂಜಿ ಚುಚ್ಚಿದ್ರ ಅದು ಸಿಟ್ಟಿಗೆದ್ದು ಮೈತುಂಬ ಹರಡತೈತಿ ಅಂತಾರಲ್ಲರೀ ಬಾಯಾರ?" ಎಂದು ಕೇಳಿದರು. ಈ ಪ್ರಶ್ನೆಯನ್ನು ನಿಮ್ಮಲ್ಲಿಯೂ ಅನೇಕರು ಮನಸ್ಸಿನಲ್ಲಿಟ್ಟುಕೊಂಡಿದ್ದೀರೆಂದು ಬಲ್ಲೆವು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇವೆ: "ಅವ್ವಾ, ಸರಿಯಾದ ದಾರಿಯಲ್ಲಿ ಹಾಕಿದ ಸೂಜಿಗೆ ಹೆದರಬೇಡಿ. ಏನೆಂದು ತಿಳಿಯದೆ ಹಾಕುವ ಕತ್ತಿಗೆ ಹೆದರಿ."

ಪರೀಕ್ಷೆಯಲ್ಲಿ ಅದು ಲೈಪೋಸಾರ್ಕೋಮಾದ ಒಂದು ಬಗೆಯೆಂದು ತಿಳಿಯಿತು. ಕಿರಣಕ್ಕೆ ಚೆನ್ನಾಗಿ ಬಗ್ಗುವಂಥದು. ಐದು ವಾರಗಳಲ್ಲಿ ೨೫ ಸಲ ಕಿರಣ, ಆರು ವಾರ ಬಿಟ್ಟು ಶಸ್ತ್ರಕ್ರಿಯೆ. ಗಾಯ ಮಾಯಲು ಎರಡು ತಿಂಗಳು ಬೇಕಾಯಿತು; ಸೊಸೆ ದಿನವೂ ಪಟ್ಟಿ ಕಟ್ಟಿದಳು. ಮೊದಲ ಎರಡು ಮೂರು ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ, ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ತಪಾಸಣೆ ಎಂಬ ನೇಮವನ್ನು ಅವರು ಏಕಾದಶಿಯಂತೆ ಪಾಲಿಸಿದರು. ಈಗ ಮೊಮ್ಮಗಳನ್ನು ಶಾಲೆಗೆ ನಡೆಸಿಕೊಂಡು ಹೋಗುತ್ತಾರೆ, ನಿಂತೇ ಜೋಳದ ರೊಟ್ಟಿ ಬಡಿಯುತ್ತಾರೆ. ಎಲ್ಲರಿಗೂ ಹೀಗೆಯೇ ಆಗುತ್ತದೆಂದು ನಾವು ಮಾತು ಕೊಡಲಾರೆವು. ಆದರೆ ರೋಗವು ಹುಟ್ಟಿದ ಜಾಗದಲ್ಲಿಯೇ ಇರುವಾಗ ಸಿಕ್ಕಿ, ಕ್ರಮವಾಗಿ ಚಿಕಿತ್ಸೆಯಾದರೆ ಹೆಚ್ಚಿನವರು ಐದು ವರ್ಷಗಳನ್ನು ದಾಟಿ ಬದುಕುತ್ತಾರೆ. ಶ್ವಾಸಕೋಶಕ್ಕೆ ಹೋದ ಮೇಲೂ, ಚುಕ್ಕೆಗಳು ಕೆಲವೇ ಇದ್ದರೆ, ಅವನ್ನು ತೆಗೆದು ಬದುಕಿಸಿದವರಿದ್ದಾರೆ.

ಬಂಧುಗಳೆ, ಇಂಥ ರೋಗವನ್ನು ಒಬ್ಬ ವೈದ್ಯನು ನೋಡಿಕೊಳ್ಳಲಾರನು. ಚಿತ್ರ ನೋಡುವವರು, ಸೂಕ್ಷ್ಮದರ್ಶಕದವರು, ಶಸ್ತ್ರವೈದ್ಯರು, ಕಿರಣದವರು, ಔಷಧದವರು ಒಂದೇ ಮೇಜಿನ ಸುತ್ತ ಕುಳಿತು ಯೋಚಿಸುವ ಜಾಗಕ್ಕೆ ಹೋಗಬೇಕು. ಆ ವಿಷಯದಲ್ಲಿ ಮುಂಬಯಿಯವರು ಭಾಗ್ಯವಂತರು. ಪರೇಲಿನಲ್ಲಿ ೧೯೪೧ರ ಫೆಬ್ರವರಿ ೨೮ರಂದು ತೆರೆದ ಟಾಟಾ ಸ್ಮಾರಕ ಆಸ್ಪತ್ರೆ ನಮ್ಮ ಬಾಗಿಲಲ್ಲೇ ಇದೆ. ೧೯೬೨ರಿಂದ ಅದು ಕೇಂದ್ರ ಸರಕಾರದ ಅಣುಶಕ್ತಿ ಇಲಾಖೆಯ ಆಡಳಿತದಲ್ಲಿದೆ. ಊರಿಗೆ ಮರಳುವವರಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿದೆ. ಬೇರೆ ಊರುಗಳಲ್ಲಿರುವ ನಿಮ್ಮ ನೆಂಟರಿಗೆ ಚೆನ್ನೈಯಲ್ಲಿ ೧೯೫೪ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ ಆರಂಭವಾದ ಅಡ್ಯಾರಿನ ಸಂಸ್ಥೆಯೂ, ಹೈದರಾಬಾದಿನಲ್ಲಿ ಎಂ. ಎನ್. ಜೆ. ಸಂಸ್ಥೆಯೂ, ದಿಲ್ಲಿಯಲ್ಲಿ ಏಮ್ಸ್ ಆಸ್ಪತ್ರೆಯೂ ಇವೆ. ಖರ್ಚಿಗೆ ಹೆದರಿ ಹಿಂದೆ ಸರಿಯಬೇಡಿ. ಇಂಥ ಆಸ್ಪತ್ರೆಗಳ ಸಮಾಜಸೇವಾ ವಿಭಾಗಕ್ಕೆ ಪಡಿತರ ಚೀಟಿ, ಆಧಾರ್ ಮತ್ತು ಇದ್ದರೆ ಆರೋಗ್ಯ ಯೋಜನೆಯ ಕಾರ್ಡು ಹಿಡಿದು ಮೊದಲ ದಿನವೇ ಹೋಗಿ ಕೇಳಿ.

ಮನೆಯವರು ಮಾಡಬೇಕಾದ ಕೆಲವು ಸಣ್ಣ ಕೆಲಸಗಳಿವೆ. ಗಂಟನ್ನು ತೆಗೆಯುತ್ತೇನೆಂದು ಯಾವ ವೈದ್ಯರು ಹೇಳಿದರೂ, "ಇದು ಏನೆಂದು ತಿಳಿದ ಮೇಲೆ ತೆಗೆಯುತ್ತೀರೋ, ತೆಗೆದ ಮೇಲೆ ತಿಳಿಯುತ್ತೀರೋ?" ಎಂದು ವಿನಯದಿಂದ ಕೇಳಿ. ಒಳ್ಳೆಯ ವೈದ್ಯರು ಸಿಟ್ಟಾಗುವುದಿಲ್ಲ. ತೆಗೆದ ಗಂಟು ಎಷ್ಟೇ ಸಣ್ಣದಿರಲಿ, ಪರೀಕ್ಷೆಗೆ ಹೋಯಿತೇ ಎಂದು ವಿಚಾರಿಸಿ ವರದಿಯನ್ನು ಪಡೆದುಕೊಳ್ಳಿ. ಗಾಜಿನ ಸ್ಲೈಡುಗಳನ್ನೂ ಮೇಣದ ಬ್ಲಾಕುಗಳನ್ನೂ ಕೇಳಿ ಜೋಪಾನ ಮಾಡಿ. ದೊಡ್ಡ ಆಸ್ಪತ್ರೆಯವರು ಮೊದಲು ಕೇಳುವುದು ಅವನ್ನೇ. ಆಗಲೇ ಯಾರಾದರೂ ತಿಳಿಯದೆ ಕೊಯ್ದುಬಿಟ್ಟಿದ್ದರೆ ಎಲ್ಲವೂ ಮುಗಿಯಿತೆಂದು ಕೂರಬೇಡಿ. ಕಲೆ ಒಣಗುವವರೆಗೂ ಕಾಯದೆ ತಜ್ಞರ ಬಳಿಗೆ ಹೋಗಿ. ಎರಡನೆಯ ಶಸ್ತ್ರಕ್ರಿಯೆಯಿಂದ ಸರಿಪಡಿಸಲು ಅನೇಕರಲ್ಲಿ ಸಾಧ್ಯವಾಗುತ್ತದೆ.

ಕೊನೆಯದಾಗಿ ಸಂಘದ ಮುಂದೆ ಒಂದು ಬೇಡಿಕೆಯಿಡುತ್ತೇವೆ. ಊರಿನಿಂದ ಚಿಕಿತ್ಸೆಗೆಂದು ಈ ಪಟ್ಟಣಕ್ಕೆ ಬರುವವರೂ, ಇಲ್ಲಿಯೇ ದುಡಿಯುವ ನಮ್ಮ ಒಂಟಿ ಹುಡುಗರೂ ಆಸ್ಪತ್ರೆಯಲ್ಲಿ ಹಿಂದಿ ಮರಾಠಿಗಳಲ್ಲಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಹೊರಗೆ ಬಂದು, ಏನು ಹೇಳಿದರೆಂದು ತಿಳಿಯದೆ ನಿಲ್ಲುತ್ತಾರೆ. ೧೯೯೪ರಲ್ಲಿ ಆ ಹುಡುಗನ ಜೊತೆಗೆ ಯಾರೂ ಇರಲಿಲ್ಲ. ಎರಡನೆಯ ಮಾತು ಕೇಳುವವರು ಒಬ್ಬರಿದ್ದಿದ್ದರೆ ನಾವೂ ಎರಡನೆಯ ಸಲ ಯೋಚಿಸುತ್ತಿದ್ದೆವೇನೋ. ವಾರಕ್ಕೆ ಅರ್ಧ ದಿನ ಬಿಡುವಿರುವ ಐದಾರು ನಿವೃತ್ತರು ಮುಂದೆ ಬಂದರೆ ಸಾಕು. ರೋಗಿಯ ಪಕ್ಕದಲ್ಲಿ ಕುಳಿತು, ವೈದ್ಯರು ಹೇಳಿದ್ದನ್ನು ಕನ್ನಡದಲ್ಲಿ ತಿಳಿಸಿ, ಮುಂದಿನ ತಾರೀಕನ್ನು ಚೀಟಿಯಲ್ಲಿ ಬರೆದುಕೊಡುವ ಕೆಲಸ. ಕನ್ನಡದ ಸೇವೆಯೆಂದು ನಾವು ಹೇಳುವುದರಲ್ಲಿ ಇದೂ ಸೇರಲಿ. ಆ ಪಟ್ಟಿಯಲ್ಲಿ ಮೊದಲ ಎರಡು ಹೆಸರುಗಳನ್ನು, ನಮ್ಮವನ್ನು, ಇಂದೇ ಬರೆದುಕೊಳ್ಳಬೇಕೆಂದು ಕಾರ್ಯದರ್ಶಿಗಳನ್ನು ಕೇಳಿಕೊಳ್ಳುತ್ತೇವೆ.